ಎದುರಿನ ಟ್ಯಾಂಕಿನ ಪೆಟ್ರೋಲ್

ಖೈತಾನ್
14 ಫೆಬ್ರವರಿ 2025, ಶುಕ್ರವಾರ

ಮೋರಿಸಣ್ಣನಿಗೆ ಕುಸುಮಾವತಿಯ ನಮಸ್ಕಾರಗಳು.

ಫೋನ್ ಮಾಡಿದರೆ ನೀವು "ಧೈರ್ಯ ತಗೊಳ್ಳಿ ಕುಸುಮಕ್ಕ" ಎಂದು ಹೇಳಿ ನಿಮ್ಮ ಮನೆಯವರಾದ ಬ್ರಿಜಿಟ್ ಬಾಯಿಯ ಕೈಗೆ ಫೋನ್ ಕೊಟ್ಟುಬಿಡುತ್ತೀರಿ. ಅವರು ಅಳುತ್ತಾರೆ, ನಾನೂ ಅಳುತ್ತೇನೆ, ಕೇಳಬೇಕಾದದ್ದು ಹಾಗೆಯೇ ಉಳಿಯುತ್ತದೆ. ಇಲ್ಲಿ ನಮ್ಮ ಕೋಣೆಯ ಪ್ಲೈವುಡ್ ಗೋಡೆಯ ಆಚೆ ಇನ್ನೊಂದು ಸಂಸಾರವಿದೆ. ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಅವರ ಟಿ.ವಿ.ಯ ಸದ್ದು ಸಣ್ಣದಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೊರಟಿರುವ ನರ್ಸ್ ಮಗ್ದಲೀನ್ ಇದನ್ನು ಶಿರ್ವಕ್ಕೆ ತಂದು ಕೊಡುತ್ತಾಳೆ.

ಇವರು ತೀರಿಕೊಂಡು ತಿಂಗಳಾಯಿತು. ಹಾರ್ಟ್ ಎಂದು ಎಲ್ಲರಿಗೂ ಹೇಳಿದ್ದೇವೆ, ಆಸ್ಪತ್ರೆಯವರೂ ಹಾಗೆಯೇ ಬರೆದುಕೊಟ್ಟಿದ್ದಾರೆ. ಆದರೆ ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ಗ್ಯಾರೇಜಿನಲ್ಲಿ ಏನು ನಡೆಯಿತು ಎನ್ನುವುದು ನಿಮಗೆ ಗೊತ್ತಿದೆಯೋ ಇಲ್ಲವೋ. ಕ್ರಮವಾಗಿ ಬರೆಯುತ್ತೇನೆ.

ನಮ್ಮ ವೀಸಾದ ಕಫೀಲ್, ಗ್ಯಾರೇಜಿನ ಮಾಲಿಕ ಅಬು ಫೈಝಲರ ಹಳೆಯ ಪಿಕಪ್ ನಿಮಗೆ ಗೊತ್ತಲ್ಲ, ಎರಡು ಟ್ಯಾಂಕಿನದು. ಕಳೆದ ವರ್ಷ ಏಪ್ರಿಲಿನಲ್ಲಿ ನೀವು ಶುವೈಖಿನ ಗ್ಯಾರೇಜ್ ಬಿಟ್ಟು ಊರಿಗೆ ಹೋದ ಮೇಲೆ ಇವರು ಅದರ ಕಾರ್ಬೊರೇಟರ್ ತೆಗೆದು ಫ್ಯುಯೆಲ್ ಇಂಜೆಕ್ಷನ್ ಕೂರಿಸಿದರು. ಬೇಸಿಗೆಯ ಬಿಸಿಗೆ ಗಾಡಿ ಸಿಗ್ನಲಿನಲ್ಲಿ ನಿಂತುಬಿಡುತ್ತದೆ, ಅದಕ್ಕೊಂದು ದಾರಿ ಮಾಡು ಎಂದು ಮುದುಕರದೇ ಒತ್ತಾಯ. ಜುಲೈ ತಿಂಗಳಿಡೀ ಅದೇ ಕೆಲಸ. ಮುಗಿದ ದಿನ ಮನೆಗೆ ಬಂದು, "ಈಗ ಕೆಮ್ಮುವುದೇ ಇಲ್ಲ ಮಾರಾಯ್ತಿ, ಕೀ ಮುಟ್ಟಿದರೆ ಸಾಕು ಎದ್ದು ಕೂರ್ತದೆ" ಎಂದು ಮಗು ನಡೆಯಲು ಕಲಿತಷ್ಟು ಖುಷಿಯಲ್ಲಿ ಹೇಳಿದರು. ಆಮೇಲೆ ಐದು ತಿಂಗಳು ಗ್ಯಾರೇಜಿನ ಕೆಲಸಕ್ಕೆ ಅದನ್ನು ಇವರೇ ಓಡಿಸಿದರು. ಒಂದು ದಿನವೂ ಅದು ನಿಲ್ಲಲಿಲ್ಲ.

ಡಿಸೆಂಬರಿನಲ್ಲಿ ಮುದುಕರ ಮಗ ಫೈಝಲ್ ಗೆಳೆಯರನ್ನು ಕಟ್ಟಿಕೊಂಡು ಮರುಭೂಮಿಗೆ, ಚಳಿಗಾಲದ ಡೇರೆಗೆ ಹೊರಟ. ಎರಡೂ ಟ್ಯಾಂಕ್ ತುಂಬಿಸಿಡು ಎಂದು ಇವರಿಗೆ ಹೇಳಿದ. ಇವರು ತುಂಬಿಸಿಟ್ಟರು. ಅದಕ್ಕೆ ನಾನೇ ಸಾಕ್ಷಿ. ಆ ಸಂಜೆ ನನ್ನನ್ನು ಶಾಲೆಯ ಆಯಾ ಕೆಲಸ ಮುಗಿಸಿದ ಮೇಲೆ ಕರೆದುಕೊಂಡು ಬಂದದ್ದು ಅದೇ ಪಿಕಪ್ಪಿನಲ್ಲಿ. ಎದುರಿನ ಟ್ಯಾಂಕ್ ಮೊದಲೇ ತುಂಬಿತ್ತು. ಹಿಂದಿನದಕ್ಕೆ ಬಾಯಿವರೆಗೆ ಹಾಕಿಸಿದರು. ನಾನು ಸೀಟಿನಲ್ಲಿ ಕೂತು ಕಡಲೆ ತಿನ್ನುತ್ತಾ ನೋಡಿದ್ದೇನೆ.

ಫೈಝಲ್ ಹೋಗುವಾಗ ಹಿಂದಿನ ಟ್ಯಾಂಕಿನಲ್ಲಿ ಹೋದ. ಡೇರೆಯ ಸುತ್ತ ಮರಳಿನಲ್ಲಿ ಕುಣಿದಾಡಿ ಅದನ್ನು ಮುಗಿಸಿದ. ವಾಪಸು ಹೊರಟಾಗ ಸ್ವಿಚ್ ಒತ್ತಿ ಎದುರಿನ ಟ್ಯಾಂಕಿಗೆ ಹಾಕಿದ. ಸ್ವಲ್ಪ ದೂರ ಬರುವಷ್ಟರಲ್ಲಿ ಅದೂ ಖಾಲಿ. ಮರಳಿನ ನಡುವೆ, ಚಳಿಯಲ್ಲಿ, ಗೆಳೆಯರ ಎದುರು ಗಾಡಿ ನಿಂತಿತು. ಎಳೆಯುವ ಲಾರಿಯವರನ್ನು ಕರೆಸಿ ಗ್ಯಾರೇಜಿಗೆ ತಂದ.

ಆಮೇಲಿನದನ್ನು ನನಗೆ ಹೇಳಿದವನು ಎ.ಸಿ. ಕೆಲಸದ ಜೇಮ್ಸ್. ಇಪ್ಪತ್ತು ಜನರ ಎದುರು ಆ ಹುಡುಗ ಇವರ ಎದೆಗೆ ಬೆರಳು ಚುಚ್ಚಿ, "ವೇನ್ ಬನ್ಝೀನ್? ಇಂತ ಹರಾಮಿ!" ಎಂದನಂತೆ. ಪೆಟ್ರೋಲ್ ಎಲ್ಲಿ, ನೀನು ಕಳ್ಳ, ಎಂದು. ನೀರಿಗಿಂತ ಅಗ್ಗಕ್ಕೆ ಪೆಟ್ರೋಲ್ ಸಿಗುವ ಊರಿನಲ್ಲಿ ನನ್ನ ಗಂಡ ಪೆಟ್ರೋಲ್ ಕದ್ದರಂತೆ! ಮೂವತ್ತೆರಡು ವರ್ಷ ಆ ಗ್ಯಾರೇಜಿನ ಬೀಗದ ಕೈ ಇವರ ಸೊಂಟದಲ್ಲಿತ್ತು. ಆ ಹುಡುಗ ಡಯಾಪರಿನಲ್ಲಿದ್ದಾಗ ಅವನನ್ನು ಬಾನೆಟ್ಟಿನ ಮೇಲೆ ಕೂರಿಸಿ ಆಡಿಸಿದವರು ಇವರು.

ಇವರು ಕೈ ಒರೆಸಿಕೊಂಡು ನಿಂತಿದ್ದರಂತೆ. ಮನೆಗೆ ಬಂದು ಊಟ ಬೇಡ ಎಂದರು. "ಒಂದು ಮಾತು ತಿರುಗಿ ಹೇಳಬಾರದಿತ್ತಾ?" ಎಂದು ಕೇಳಿದೆ. "ಎಂತ ಹೇಳುದು?" ಎಂದರು. ಅಷ್ಟೇ. ಮತ್ತೆ ಆ ವಿಷಯ ಎತ್ತಲು ಬಿಡಲಿಲ್ಲ. ಜನವರಿ ಮುಗಿಯಲೂ ಇಲ್ಲ, ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವರು ಮೇಲೆ ಏಳಲಿಲ್ಲ.

ಈಗ ಖೈತಾನಿನ ಕನ್ನಡದವರಲ್ಲಿಯೂ ಮಾತು ಹಬ್ಬಿದೆ. ತರಕಾರಿ ಅಂಗಡಿಯಲ್ಲಿ ನನ್ನನ್ನು ಕಂಡರೆ ಎರಡು ಹೆಂಗಸರು ಟೊಮೇಟೊ ಆರಿಸುವುದರಲ್ಲಿ ಮುಳುಗುತ್ತಾರೆ.

ನನಗೆ ಬೇಕಾದದ್ದು ಒಂದೇ. ಅದೇ ಗ್ಯಾರೇಜಿನಲ್ಲಿ, ಅದೇ ಜನರ ಎದುರು, ಸುಂದರ ಕಳ್ಳನಲ್ಲ ಎಂದು ಅಬು ಫೈಝಲ್ ಹೇಳಬೇಕು. ಆ ಗಾಡಿಯ ನರನಾಡಿ ಬಲ್ಲವರು ನೀವು. ಎದುರಿನ ಟ್ಯಾಂಕಿನ ಪೆಟ್ರೋಲ್ ಎಲ್ಲಿಗೆ ಹೋಯಿತು? ನನಗೆ ತಿಳಿಯುವ ಹಾಗೆ ಬರೆಯಿರಿ. ನಾನು ಮುದುಕರಿಗೆ ತಿಳಿಸುತ್ತೇನೆ.

ಇತಿ,
ಕುಸುಮಾವತಿ


ಶಿರ್ವ
2 ಮಾರ್ಚ್ 2025

ಕುಸುಮಕ್ಕನಿಗೆ ಮೋರಿಸನ ನಮಸ್ಕಾರ.

ನಿಮ್ಮ ಕಾಗದ ಮಗ್ದಲೀನ್ ತಂದು ಕೊಟ್ಟಳು. ಓದಿ ತುಂಬಾ ಬೇಜಾರಾಯಿತು. ಸುಂದರನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಇಗರ್ಜಿಯಲ್ಲಿ ಒಂದು ಪೂಜೆ ಹೇಳಿಸಿದ್ದೇನೆ. ಅವನು ಹಿಂದೂ ಎಂದು ಪಾದ್ರಿಯವರು ಏನೂ ಹೇಳಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮೊಣಕಾಲು ಮೊದಲಿನಷ್ಟು ಚೆನ್ನಾಗಿಲ್ಲ. ಗ್ಯಾರೇಜಿನ ಸಿಮೆಂಟಿನಲ್ಲಿ ಮಲಗಿ ಎದ್ದದ್ದರ ಫಲ. ಡಿಲನ್ ನನ್ನ ಸ್ಕೂಟರ್ ಮಾರಿಬಿಡಲು ಹೇಳುತ್ತಾನೆ. ಮಗನೆಂದ ಮೇಲೆ ಏನಾದರೂ ಒಂದು ಹೇಳಲೇಬೇಕಲ್ಲ.

ಪೆಟ್ರೋಲಿನ ವಿಷಯ. ಕುಸುಮಕ್ಕ, ಅದು ಹಳೆಯ ಗಾಡಿ. ಹಳೆಯ ಗಾಡಿಯಲ್ಲಿ ಏನೆಲ್ಲ ಆಗುತ್ತದೆ. ಮುಚ್ಚಳ ಸರಿಯಿಲ್ಲದಿದ್ದರೆ ಪೆಟ್ರೋಲ್ ಆವಿಯಾಗಿ ಹೋಗುವುದೂ ಉಂಟು. ನಾನು ಇಲ್ಲಿ ಕೂತು ಏನು ಹೇಳಲಿ? ಫೈಝಲ್ ಹುಡುಗ, ಬಾಯಿಗೆ ಬಂದದ್ದು ಹೇಳಿದ. ಸುಂದರನನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ. ಇನ್ನು ಅದನ್ನು ಕೆದಕಬೇಡಿ. ಮಗಳು ತೃಪ್ತಿಯ ಮದುವೆಯ ಬಗ್ಗೆ ಯೋಚಿಸಿ.

ಬ್ರಿಜಿಟ್ ನಿಮ್ಮನ್ನು ಕೇಳಿದ್ದಾಳೆ.

ನಿಮ್ಮ,
ಮೋರಿಸ್


ಖೈತಾನ್
21 ಮಾರ್ಚ್ 2025, ಶುಕ್ರವಾರ

ಮೋರಿಸಣ್ಣನಿಗೆ.

ಆವಿಯಾಯಿತೇ? ಡಿಸೆಂಬರಿನಲ್ಲಿ? ಎರಡು ಸ್ವೆಟರ್ ಹಾಕಿಕೊಂಡು ಮಲಗುವ ಚಳಿಯಲ್ಲಿ ಒಂದು ಟ್ಯಾಂಕ್ ಪೆಟ್ರೋಲ್ ಆವಿಯಾಗಿ ಆಕಾಶಕ್ಕೆ ಹೋಯಿತೇ? ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಂದು ನಿಮಗೆ ನೆನಪಿದೆ. ಆದರೆ ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್ಕಿನ ಬಟ್ಟೆ ಒಗೆದವಳು ಎನ್ನುವುದನ್ನು ಮರೆತಿರಿ.

ನಿಮ್ಮ ಕಾಗದವನ್ನು ತೃಪ್ತಿಗೆ ತೋರಿಸಿದೆ. ಎಗೈಲಾದ ಮಾಲಿನಲ್ಲಿ ಹತ್ತು ಗಂಟೆ ನಿಂತು ಬಟ್ಟೆ ಮಾರಿ ಬಂದ ಹುಡುಗಿ, ಚಪ್ಪಲಿ ಕಳಚುತ್ತಾ, "ಅಮ್ಮಾ, ಲೀವ್ ಇಟ್. ಪಪ್ಪಾ ಈಸ್ ಗಾನ್" ಎಂದಳು. ನೀವೂ ಅದನ್ನೇ ಹೇಳುತ್ತೀರಿ. ಅವಳು ಇಂಗ್ಲಿಷಿನಲ್ಲಿ, ನೀವು ಕನ್ನಡದಲ್ಲಿ. ಯಾರೂ ನಂಬಲಿಕ್ಕಿಲ್ಲ ಎಂದು ಬರೆದಿದ್ದೀರಿ. ನೀವು ನಂಬುವುದಿಲ್ಲ ಎಂದು ಏಕೆ ಬರೆಯಲಿಲ್ಲ? ನಾನು ಆ ಸಾಲಿಗಾಗಿ ನಿಮ್ಮ ಕಾಗದವನ್ನು ಎಷ್ಟು ಸಲ ತಿರುವಿ ನೋಡಿದೆ! ಇಗರ್ಜಿಯ ಪೂಜೆ ಇದೆ, ಮೊಣಕಾಲು ಇದೆ, ಸ್ಕೂಟರ್ ಇದೆ, ಆ ಒಂದು ಸಾಲು ಇಲ್ಲ.

ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಟಿಫಿನ್ನಿನಿಂದ ಉಂಡಿರಿ. ನಿಮಗೆ ಮೀನಿನ ತಲೆ ಇಷ್ಟ ಎಂದು ನಾನು ತಲೆಯನ್ನೇ ಹಾಕಿ ಕಳಿಸುತ್ತಿದ್ದೆ. ಅಂಥವರು ಈಗ ಏನೋ ಮುಚ್ಚಿಡುತ್ತಿದ್ದೀರಿ. ನನಗೆ ಕೆಟ್ಟ ಯೋಚನೆಗಳು ಬರುತ್ತವೆ ಮೋರಿಸಣ್ಣ. ಗ್ಯಾರೇಜಿನಲ್ಲಿ ಪೆಟ್ರೋಲ್ ತೆಗೆಯುವ ಅಭ್ಯಾಸ ನಿಮಗೆ ಇತ್ತೇ? ನೀವು ಮಾಡುತ್ತಿದ್ದದ್ದಕ್ಕೆ ಇವರು ಹೆಸರು ಕೆಡಿಸಿಕೊಂಡರೇ? ಬರೆಯಬಾರದಿತ್ತು, ಬರೆದುಬಿಟ್ಟೆ. ಬರೆಯದೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಇನ್ನೂ ಕೆಟ್ಟದು.

ಒಂದು ಹೊಸ ವಿಷಯ ಕೇಳಿ. ಕಳೆದ ವಾರ ಜೇಮ್ಸ್, ಗ್ಯಾರೇಜಿನಲ್ಲಿ ಇಫ್ತಾರಿಗೆ ಕೊಟ್ಟ ಖರ್ಜೂರ ತಂದುಕೊಡಲು ಬಂದಿದ್ದ. ಆ ದಿನ ಫೈಝಲ್ ಬೈದು ಹೋದ ಮೇಲೆ ಏನಾಯಿತು ಎಂದು ಕೆದಕಿ ಕೇಳಿದೆ. ಇವರು ಪಿಕಪ್ಪಿನ ಹಿಂದಿನ ಟ್ಯಾಂಕಿನ ಮುಚ್ಚಳ ತೆಗೆದು ಒಂದು ಸಣ್ಣ ಕೋಲು ಇಳಿಸಿದರಂತೆ. ಮೇಲೆತ್ತಿ ನೋಡಿದರಂತೆ. ಆಮೇಲೆ ಆ ಕೋಲನ್ನು ಒರೆಸಿ, ಮುಚ್ಚಳ ಹಾಕಿ, ಗೋಡೆಗೆ ಒರಗಿ ತುಂಬಾ ಹೊತ್ತು ನಿಂತಿದ್ದರಂತೆ. "ಎಂತ ಸುಂದರಣ್ಣ, ಹುಷಾರಿಲ್ವಾ?" ಎಂದು ಕೇಳಿದ್ದಕ್ಕೆ, "ಎಂತ ಇಲ್ಲ ಮಾರಾಯ, ನೀನು ನಿನ್ನ ಕೆಲಸ ನೋಡು" ಎಂದರಂತೆ.

ಖಾಲಿಯಾಗಿದ್ದ ಟ್ಯಾಂಕಿನಲ್ಲಿ ಇವರು ಏನು ನೋಡಿದರು? ನಿಮಗೆ ಗೊತ್ತಿರಬೇಕು.

ರಮದಾನ್ ಮುಗಿದ ಮೇಲೆ ಪಿಕಪ್ಪನ್ನು ಗುಜರಿಗೆ ಕೊಡುತ್ತೇನೆಂದು ಫೈಝಲ್ ಹೇಳಿದ್ದಾನೆ. ಗಾಡಿ ಹೋದರೆ ನನ್ನ ಹತ್ತಿರ ತೋರಿಸಲು ಏನೂ ಉಳಿಯುವುದಿಲ್ಲ. ಇವರ ಹೆಸರಿನ ಮೇಲೆ ಆ ಒಂದು ಶಬ್ದ ಉಳಿಯುತ್ತದೆ. ಈ ಸಲ ಮೊಣಕಾಲಿನ ಸುದ್ದಿ ಬೇಡ.

ಕುಸುಮಾವತಿ


ಶಿರ್ವ
10 ಏಪ್ರಿಲ್ 2025

ಕುಸುಮಕ್ಕ,

ನಿಮ್ಮ ಕಾಗದವನ್ನು ಬ್ರಿಜಿಟಳಿಗೆ ಓದಲು ಕೊಡಲಿಲ್ಲ. ನೀವು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಪೆಟ್ರೋಲ್ ನಾನು ತೆಗೆದವನಲ್ಲ, ಸುಂದರನಂತೂ ಖಂಡಿತ ಅಲ್ಲ. ಯಾರೂ ಕದಿಯಲಿಲ್ಲ. ತಪ್ಪು ನನ್ನದು. ಕೇಳಿ.

ಕಾರ್ಬೊರೇಟರ್ ತನಗೆ ಬೇಕಾದಷ್ಟೇ ಪೆಟ್ರೋಲ್ ಕುಡಿಯುತ್ತದೆ. ಇಂಜೆಕ್ಷನ್ ಹಾಗಲ್ಲ. ಅದರ ಪಂಪ್ ಯಾವಾಗಲೂ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಎತ್ತಿ ಕಳಿಸುತ್ತದೆ. ಇಂಜಿನ್ ಸ್ವಲ್ಪ ತೆಗೆದುಕೊಂಡು, ಉಳಿದದ್ದನ್ನು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸು ಬಿಡುತ್ತದೆ. ಒಂದೇ ಟ್ಯಾಂಕ್ ಇದ್ದರೆ ತೊಂದರೆಯಿಲ್ಲ. ಎರಡಿದ್ದರೆ, ಯಾವ ಟ್ಯಾಂಕಿನಿಂದ ಎತ್ತಿತೋ ಅದಕ್ಕೇ ವಾಪಸು ಹೋಗಬೇಕು. ಅದಕ್ಕೆ ಬೇರೆಯದೇ ವಾಲ್ವ್ ಹಾಕಬೇಕು, ಸ್ವಿಚ್ ಒತ್ತಿದಾಗ ಹೋಗುವ ದಾರಿ, ಬರುವ ದಾರಿ ಎರಡನ್ನೂ ಬದಲಿಸುವಂಥದ್ದು. ಆ ಪಿಕಪ್ಪಿನಲ್ಲಿ ಹಳೆಯ ವಾಲ್ವೇ ಇದೆ. ವಾಪಸು ಬರುವ ಪೈಪನ್ನು ಹಿಂದಿನ ಟ್ಯಾಂಕಿಗೆ ಮಾತ್ರ ಜೋಡಿಸಿದೆ.

ಹಾಗಾಗಿ ಫೈಝಲ್ ಎದುರಿನ ಟ್ಯಾಂಕಿಗೆ ಹಾಕಿ ಓಡಿಸಿದಾಗ, ಅಲ್ಲಿಯ ಪೆಟ್ರೋಲೆಲ್ಲ ಖಾಲಿಯಾಗಿದ್ದ ಹಿಂದಿನ ಟ್ಯಾಂಕಿಗೆ ಹೋಗಿ ತುಂಬಿತು. ಅವನು ಮರಳಿನಲ್ಲಿ ನಿಂತಾಗ ಅವನ ಬೆನ್ನ ಹಿಂದೆಯೇ ಒಂದು ಟ್ಯಾಂಕ್ ಪೆಟ್ರೋಲ್ ಇತ್ತು. ಸ್ವಿಚ್ ತಿರುಗಿ ಒತ್ತಿದ್ದರೆ ಮನೆಗೆ ಬರುತ್ತಿದ್ದ. ಒಮ್ಮೆ ಖಾಲಿಯಾದ ಟ್ಯಾಂಕ್ ತನ್ನಷ್ಟಕ್ಕೆ ತುಂಬುತ್ತದೆ ಎಂದು ಯಾರು ತಾನೇ ಯೋಚಿಸುತ್ತಾರೆ?

ಆ ಪೈಪ್ ಎಳೆದವನು ನಾನು. ಊರಿಗೆ ಹೊರಡುವ ಮೊದಲೇ ಎಳೆದಿಟ್ಟಿದ್ದೆ. ಸುಂದರ ಆಮೇಲೆ ಇಂಜಿನ್ನಿನ ಕೆಲಸ ಮಾತ್ರ ಮಾಡಿದ. ಅಬು ಫೈಝಲರಿಗೆ ಹೀಗೆಯೇ ಹೇಳಿ. ನಾನು ಊರಿನಲ್ಲಿದ್ದೇನೆ, ಅಲ್ಲಿಯ ವಾಸದ ಇಕಾಮಾ ಮುಗಿದಿದೆ, ನನ್ನನ್ನು ಯಾರೂ ಏನೂ ಮಾಡುವುದಿಲ್ಲ. ಮೋರಿಸನ ತಪ್ಪು ಎಂದುಬಿಡಿ. ಖಲಾಸ್.

ಈ ಕೊರೆಸ್ಮದ ಪ್ರಾಯಶ್ಚಿತ್ತದ ದಿನಗಳಲ್ಲಿ ಇಷ್ಟಾದರೂ ಮಾಡಲು ಅವಕಾಶ ಕೊಡಿ.

ಮೋರಿಸ್


ಖೈತಾನ್
25 ಏಪ್ರಿಲ್ 2025, ಶುಕ್ರವಾರ

ಮೋರಿಸಣ್ಣ,

ನಿಮ್ಮ ಕಾಗದ ಓದಿ ಮೊದಲು ಬಂದದ್ದು ಸಂತೋಷ. ಕಳ್ಳತನ ಅಲ್ಲ ಎಂಬುದಕ್ಕೆ ದಾರಿ ಸಿಕ್ಕಿತು. ಮರುದಿನ ಶಾಲೆಗೆ ರಜೆ ಹಾಕಿ ಶುವೈಖಿಗೆ ಹೋದೆ. ಪಿಕಪ್ ಇನ್ನೂ ಗ್ಯಾರೇಜಿನ ಹಿಂದೆಯೇ ಇದೆ, ಮೈತುಂಬಾ ಧೂಳು. ಜೇಮ್ಸ್ ಬ್ಯಾಟರಿ ತಂದು ಹಾಕಿದ. ಹಿಂದಿನ ಟ್ಯಾಂಕಿನಲ್ಲಿ ಮುಕ್ಕಾಲು ಪೆಟ್ರೋಲ್ ಇನ್ನೂ ಇತ್ತು, ಎದುರಿನ ಟ್ಯಾಂಕಿಗೆ ಸ್ವಲ್ಪ ಹಾಕಿ ಅದರಲ್ಲಿಯೇ ಸ್ಟಾರ್ಟ್ ಮಾಡಿದ. "ಕುಸುಮಕ್ಕ, ಈ ಹೊಗೆಯಲ್ಲಿ ಯಾಕೆ ಕೂತಿದ್ದೀರಿ, ಹೊರಗೆ ಬನ್ನಿ" ಎಂದ. ನಾನು ಬರಲಿಲ್ಲ. ಇವರ ಸೀಟಿನಲ್ಲಿ ಕೂತು ಮುಳ್ಳನ್ನು ನೋಡುತ್ತಾ ಇದ್ದೆ. ಎದುರಿನ ಟ್ಯಾಂಕಿನ ಮುಳ್ಳು ಕಣ್ಣಿಗೆ ಕಾಣುವ ಹಾಗೆ ಇಳಿಯಿತು. ಸ್ವಿಚ್ ಒತ್ತಿದೆ. ಹಿಂದಿನ ಟ್ಯಾಂಕಿನ ಮುಳ್ಳು ಮೊದಲಿಗಿಂತ ಮೇಲೆ ಹೋಗಿತ್ತು. ನೀವು ಬರೆದದ್ದು ಅಕ್ಷರಕ್ಕೆ ಅಕ್ಷರ ಸರಿ.

ಜೇಮ್ಸ್ ಗಾಡಿಯ ಕೆಳಗೆ ತೂರಿ ಆ ಪೈಪ್ ಯಾವುದು ಎಂದು ತೋರಿಸಿದ. ನಾನೂ ಬಗ್ಗಿ ನೋಡಿದೆ. ಕಪ್ಪು ಪೈಪ್. ಆಗಲೇ ನನ್ನ ಸಂತೋಷ ಹೋಯಿತು.

ಮೋರಿಸಣ್ಣ, ಆ ಪೈಪ್ ಹಾಕಿದ ದಿನ ನಾನು ಅಲ್ಲಿ ಇದ್ದೆ. ಜುಲೈ ತಿಂಗಳ ಒಂದು ಶುಕ್ರವಾರ, ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ಊಟ ಕೊಡಲು ಹೋದವಳನ್ನು, "ಸ್ವಲ್ಪ ಇದನ್ನು ಹಿಡಿ, ಬಿಡಬೇಡ" ಎಂದು ಪೈಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದುಕೊಂಡು ಇವರು ಗಾಡಿಯ ಕೆಳಗೆ ಹೋದರು. ನನ್ನ ಸೀರೆಗೆ ಗ್ರೀಸ್ ಹತ್ತಿತು, ಅದಕ್ಕೆ ಜಗಳವೂ ಆಯಿತು. ನೀವು ಊರಿಗೆ ಹೋಗಿ ಮೂರು ತಿಂಗಳಾಗಿತ್ತು. ನೀವು ಎಳೆದಿಟ್ಟಿದ್ದಿರಂತೆ! ಯಾರ ಗಾಡಿಗೆ?

ಈಗ ನನಗೆ ಇನ್ನೊಂದೂ ಅರ್ಥವಾಗುತ್ತಿದೆ. ಐದು ತಿಂಗಳು ಓಡಿಸಿಯೂ ಈ ತಪ್ಪು ಇವರಿಗೆ ಏಕೆ ಗೊತ್ತಾಗಲಿಲ್ಲ? ಇವರು ಎದುರಿನ ಟ್ಯಾಂಕನ್ನು ಮುಟ್ಟುತ್ತಲೇ ಇರಲಿಲ್ಲ. ತೊಂಬತ್ತರಲ್ಲಿ ಇರಾಕಿನವರು ನುಗ್ಗಿದಾಗ ಇವರು ಹದಿನಾಲ್ಕು ಜನರ ಜೊತೆ ಲಾರಿಯಲ್ಲಿ ಮರುಭೂಮಿ ದಾಟಿ ಓಡಿದವರು. ಗಡಿಗೆ ಇನ್ನೂ ದೂರವಿರುವಾಗ ಪೆಟ್ರೋಲ್ ಮುಗಿಯಿತು. ಆ ಬಿಸಿಲಿನಲ್ಲಿ ಎರಡು ದಿನ ಕಾದರು. ವಾಪಸು ಬಂದ ಮೇಲೆ ಯಾವ ಗಾಡಿ ಕೈಗೆ ಬಂದರೂ ಅದರಲ್ಲಿ ಒಂದಿಷ್ಟು ಪೆಟ್ರೋಲ್ ಮುಟ್ಟದೆ ಇಡುತ್ತಿದ್ದರು. ಎರಡು ಟ್ಯಾಂಕಿನ ಗಾಡಿಯಾದರೆ ಎದುರಿನದು ಯಾವಾಗಲೂ ತುಂಬಿರಬೇಕು. "ಅದು ಓಡುವ ಪೆಟ್ರೋಲ್" ಎಂದು ನನಗೆ ಹೇಳುತ್ತಿದ್ದರು. ಆ ಕಾಲದಲ್ಲಿ ಇಲ್ಲಿದ್ದ ಎಷ್ಟೋ ಜನ ಈಗಲೂ ಹೀಗೆ ಮಾಡುತ್ತಾರೆ. ಹಿಂದಿನ ಟ್ಯಾಂಕಿನಲ್ಲಿ ಓಡಿಸಿದರೆ ಪೆಟ್ರೋಲ್ ಹಿಂದಿನದಕ್ಕೇ ವಾಪಸು ಹೋಗುತ್ತದೆ, ಎಲ್ಲ ಸರಿಯಿರುತ್ತದೆ. ಗೊತ್ತಾಗುವುದು ಹೇಗೆ?

ಹಾಗಾದರೆ ತಪ್ಪು ಇವರದು. ಮತ್ತೆ ನೀವು ಯಾಕೆ ನಿಮ್ಮ ತಲೆಗೆ ಕಟ್ಟಿಕೊಂಡಿರಿ? ಯಾರು ಕೇಳಿದ್ದರು ನಿಮ್ಮಲ್ಲಿ ಈ ದಾನವನ್ನು? ಆ ದಿನ ಕೋಲು ಇಳಿಸಿ ನೋಡಿದಾಗ ಇವರಿಗೆ ಎಲ್ಲ ಗೊತ್ತಾಗಿರಬೇಕು. ಗೊತ್ತಾದ ಮೇಲೂ ಯಾಕೆ ಸುಮ್ಮನಿದ್ದರು? ಒಂದೇ ಮಾತು: "ಕದ್ದಿಲ್ಲ, ಹಿಂದಿನ ಟ್ಯಾಂಕ್ ನೋಡಿ." ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು.

ನಿಮಗೆ ಹೇಳಿದ್ದರು, ಅಲ್ಲವೇ? ನನಗೆ ಹೇಳದ್ದನ್ನು ನಿಮಗೆ ಹೇಳಿದ್ದರು.

ಕುಸುಮಾವತಿ


ಶಿರ್ವ
8 ಮೇ 2025

ಕುಸುಮಕ್ಕ,

ಹೌದು. ಹೇಳಿದ್ದ.

ಫೈಝಲ್ ಬೈದ ಮರುದಿನವೇ ಫೋನ್ ಮಾಡಿದ್ದ. ಗ್ಯಾರೇಜಿನ ಹೊರಗೆ ನಿಂತು ಮಾತಾಡುತ್ತಿದ್ದ, ಗಾಡಿಗಳ ಶಬ್ದ ಕೇಳುತ್ತಿತ್ತು. ಅವನು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

"ಮೋರಿಸ, ನನ್ನಿಂದ ಒಂದು ಕತ್ತೆ ಕೆಲಸ ಆಗಿದೆ. ರಿಟರ್ನ್ ಪೈಪ್ ಒಂದೇ ಟ್ಯಾಂಕಿಗೆ ಕೊಟ್ಟುಬಿಟ್ಟೆ" ಎಂದ. ನಾನು ನಕ್ಕೆ. ಕುಸುಮಕ್ಕ, ದೇವರಾಣೆ, ನಾನು ನಕ್ಕೆ. ನಮ್ಮ ಕೆಲಸದಲ್ಲಿ ಇದು ನಗುವ ವಿಷಯವೇ. "ಅದಕ್ಕೆಂತ, ಹೋಗಿ ಹೇಳು, ವಾಲ್ವ್ ಬದಲಿಸು" ಎಂದೆ. ಅವನು ನಗಲಿಲ್ಲ. "ಹೇಳಿದರೆ ಎಂತ ಆಗ್ತದೆ ಗೊತ್ತುಂಟಾ? ಮುದುಕರು ನನ್ನ ಕೆಲಸವನ್ನು ಒಂದು ದಿನವೂ ಬಗ್ಗಿ ನೋಡಿದವರಲ್ಲ. ಸುಂದರ್ ಮಾಡಿದ್ದಾ, ಸರಿ ಉಂಟು, ಅಂತ ಕೀ ತಗೊಂಡು ಹೋಗುವವರು. ಇನ್ನು ನೋಡ್ತಾರೆ" ಎಂದ.

"ಹಾಗಂತ ಕಳ್ಳ ಅನ್ನಿಸಿಕೊಳ್ತೀಯಾ?" ಎಂದು ಕೇಳಿದೆ. ಅದಕ್ಕೆ, "ಕಳ್ಳ ಅಂದದ್ದು ಸುಳ್ಳಲ್ವಾ ಮಾರಾಯ? ಸುಳ್ಳನ್ನು ತಡಕೊಳ್ಳಬಹುದು. ಕೆಲಸ ಗೊತ್ತಿಲ್ಲದವ ಅಂದರೆ ಅದು ನಿಜ ಆಗ್ತದೆ" ಎಂದ.

ಹೊಸ ವಾಲ್ವ್ ತರಿಸಲು ಹೇಳಿದ್ದನಂತೆ. ಬಂದ ಮೇಲೆ ಯಾರಿಗೂ ತಿಳಿಯದ ಹಾಗೆ ಸರಿ ಮಾಡಿ, ಆಮೇಲೆ ಫೈಝಲನ ಹತ್ತಿರ ಮಾತಾಡುತ್ತೇನೆ ಎಂದ. "ಕುಸುಮಳಿಗೆ ಹೇಳಬೇಡ, ಅವಳು ಸೀದಾ ಮುದುಕರ ಮನೆಗೆ ಹೋಗಿ ನಿಲ್ಲುತ್ತಾಳೆ" ಎಂದ. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ. ವಾಲ್ವ್ ಬರುವ ಮೊದಲು ಅವನು ಹೋದ.

ಸತ್ತವನಿಗೆ ಕೊಟ್ಟ ಮಾತು. ಅವನು ಬದುಕಿದ್ದರೆ ಮುರಿಯುತ್ತಿದ್ದೆ. ಅದಕ್ಕೆ ತಪ್ಪು ನನ್ನದೆಂದು ಬರೆದೆ. ಅವನು ಕಳ್ಳನೂ ಆಗಬಾರದು, ಕೆಟ್ಟ ಮೆಕ್ಯಾನಿಕ್ಕೂ ಆಗಬಾರದು, ಬೇರೆ ದಾರಿ ಕಾಣಲಿಲ್ಲ. ಈಗಲೂ ಕಾಲು ಮುಟ್ಟಿ ಕೇಳುತ್ತೇನೆ, ನನ್ನ ಹೆಸರನ್ನೇ ಹೇಳಿ. ಅವನು ಕೇಳಿದ್ದು ಇದೊಂದೇ.

ಮೋರಿಸ್


ಖೈತಾನ್
30 ಮೇ 2025, ಶುಕ್ರವಾರ

ಮೋರಿಸಣ್ಣ,

ನಿಮ್ಮ ಹೆಸರು ಹೇಳಲಿಲ್ಲ.

ಇವರು ಹೆದರಿದ ಹಾಗೆಯೇ ಸೀದಾ ಮುದುಕರ ಮನೆಗೆ ಹೋಗಿ ನಿಂತೆ. ತೃಪ್ತಿ ಬರುವುದಿಲ್ಲ ಎಂದವಳು ಕೊನೆಗೆ ರಜೆ ಹಾಕಿ ಬಂದಳು. ಟ್ಯಾಕ್ಸಿಯಲ್ಲಿ ಅವಳಿಗೆ ಹೇಳಿದೆ: "ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳು, ನಿನ್ನದೇನೂ ಸೇರಿಸಬೇಡ, ಪ್ಲೀಸ್ ಅನ್ನಬೇಡ." ಅವಳು, "ಓಕೆ ಅಮ್ಮಾ, ರಿಲ್ಯಾಕ್ಸ್" ಎಂದಳು.

ಅಬು ಫೈಝಲ್ ಈಗ ತುಂಬಾ ಇಳಿದಿದ್ದಾರೆ, ಕುರ್ಚಿಯಿಂದ ಏಳಲು ಒಬ್ಬರ ಕೈ ಬೇಕು. ಫೈಝಲನೂ ಇದ್ದ. ಚಹಾ ಬಂತು. ನಾನು ಮುಟ್ಟಲಿಲ್ಲ. ನನಗೆ ಬರುವ ಅರ್ಧಂಬರ್ಧ ಭಾಷೆಯಲ್ಲಿ ನಾನೇ ಶುರು ಮಾಡಿದೆ. "ಬಾಬಾ, ಸುಂದರ್ ಮಾಫಿ ಹರಾಮಿ. ಸುಂದರ್ ಗಲ್ತಿ ಕಿಯಾ." ಸುಂದರ ಕಳ್ಳನಲ್ಲ, ತಪ್ಪು ಮಾಡಿದ. ಉಳಿದದ್ದನ್ನು ತೃಪ್ತಿ ಹೇಳಿದಳು. ಪೈಪ್, ಎರಡು ಟ್ಯಾಂಕ್, ತೊಂಬತ್ತರ ಲಾರಿ, ಎಲ್ಲ. ಚೆನ್ನಾಗಿ ಹೇಳಿದಳು. ಅಪ್ಪನ ಮಗಳು ಅನ್ನಿಸಿತು.

ಫೈಝಲ್ ಕೇಳಿ ಮುಗಿಸಿ ಏನೆಂದ ಗೊತ್ತೇ? ಎರಡೂ ಕೈ ಅಗಲಿಸಿ, "ಗಲ್ತಿ? ಬಸ್? ಮಾಲೇಶ್, ಯಾ ಮಾಮಾ! ಕ್ಯೂಂ ನಹೀ ಬೋಲಾ?" ಎಂದ. ತಪ್ಪೇ? ಅಷ್ಟೇನಾ? ಪರವಾಗಿಲ್ಲ, ಯಾಕೆ ಹೇಳಲಿಲ್ಲ?

ಪರವಾಗಿಲ್ಲವಂತೆ! ಮೋರಿಸಣ್ಣ, ನನಗೆ ಆ ಚಹಾದ ಲೋಟ ಎತ್ತಿ ಎಸೆಯಬೇಕು ಅನ್ನಿಸಿತು. ಕಳ್ಳ ಎಂದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. "ಯಾಕೆ ಹೇಳಲಿಲ್ಲ ಎಂದು ಈಗ ಕೇಳುತ್ತೀಯಾ? ಆ ದಿನ ಕೇಳಿದೆಯಾ? ಆ ದಿನ ಬೆರಳು ಚುಚ್ಚಿದೆ" ಎಂದು ಕನ್ನಡದಲ್ಲಿಯೇ ಕೂಗಿದೆ. ತೃಪ್ತಿ ಅದನ್ನು ಇಂಗ್ಲಿಷಿಗೆ ಹಾಕಲಿಲ್ಲ. ಹಾಕುವ ಅಗತ್ಯ ಇರಲಿಲ್ಲ, ಅವನು ತಲೆ ತಗ್ಗಿಸಿದ್ದ.

ಮುದುಕರು ಆಮೇಲೆ ಮಗನಿಗೆ ಅರಬ್ಬಿಯಲ್ಲಿ ಏನೋ ಹೇಳಿದರು, ಗಟ್ಟಿಯಾಗಿ ಅಲ್ಲ. ಎರಡು ದಿನ ಬಿಟ್ಟು ಗ್ಯಾರೇಜಿಗೆ ಬಂದರು. ನನ್ನನ್ನೂ ಕರೆಸಿದ್ದರು. ಎಲ್ಲರನ್ನೂ ಕೆಲಸ ನಿಲ್ಲಿಸಿ ಬರಲು ಹೇಳಿದರು. ಜೇಮ್ಸ್ ಕೈ ಹಿಡಿದು ಅವರನ್ನು ಪಿಕಪ್ಪಿನ ಸೀಟಿಗೆ ಹತ್ತಿಸಿದ. ಗಾಡಿ ಸ್ಟಾರ್ಟ್ ಮಾಡಿಸಿ, ಸ್ವಿಚ್ ಅತ್ತಿತ್ತ ಒತ್ತಿ ಒತ್ತಿ ಮುಳ್ಳನ್ನು ನೋಡಿದರು. ಇಳಿದು, ಎಲ್ಲರಿಗೂ ಕೇಳುವ ಹಾಗೆ, "ಸುಂದರ್ ಅಮೀನ್" ಎಂದರು. ಪ್ರಾಮಾಣಿಕ ಎಂದು ಅರ್ಥ. ಫೈಝಲ್ ನನ್ನ ಎದುರು ಬಂದು "ಸಾರಿ ಆಂಟಿ" ಎಂದ. ಮುದುಕರು ಅವನ ಬೆನ್ನಿಗೆ ಕೋಲಿನಿಂದ ತಿವಿದರು. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ.

ಇವರು ತರಿಸಿದ್ದ ವಾಲ್ವ್ ಫೆಬ್ರವರಿಯಲ್ಲಿಯೇ ಬಂದು ಆಫೀಸಿನ ಕಪಾಟಿನಲ್ಲಿ ಕೂತಿತ್ತಂತೆ. ಯಾರಿಗೂ ಅದು ಏನೆಂದು ಗೊತ್ತಿರಲಿಲ್ಲ. ಜೇಮ್ಸ್ ಅದನ್ನು ಹಾಕುತ್ತಾನೆ. ಗಾಡಿಯನ್ನು ಗುಜರಿಗೆ ಕೊಡುವುದಿಲ್ಲ ಎಂದಿದ್ದಾರೆ. ಕೊಟ್ಟರೂ ಈಗ ನನಗೆ ಅಡ್ಡಿಯಿಲ್ಲ.

ಬೇಕೆಂದದ್ದು ಸಿಕ್ಕಿತು. ತರಕಾರಿ ಅಂಗಡಿಯ ಹೆಂಗಸರು ಮೊನ್ನೆ ಮಾತಾಡಿಸಿದರು. "ಕಳ್ಳತನ ಅಲ್ಲವಂತಲ್ಲ, ಒಳ್ಳೇದಾಯ್ತು" ಎಂದರು. "ಅಲ್ಲ. ಪೈಪ್ ತಪ್ಪು ಜೋಡಿಸಿದ್ದರು" ಎಂದೆ. ಇವರು ಕೇಳಿದ್ದರೆ ನಾಚಿಕೆಯಿಂದ ನೆಲ ನೋಡುತ್ತಿದ್ದರು. ನೋಡಲಿ.

ಆದರೆ ನನ್ನ ಸಿಟ್ಟು ಇಳಿದಿಲ್ಲ ಮೋರಿಸಣ್ಣ. ಫೈಝಲನ ಮೇಲಿದ್ದದ್ದು ಹೋಯಿತು, ನಿಮ್ಮ ಮೇಲಿದ್ದದ್ದೂ ಹೋಯಿತು. ಪೆಟ್ರೋಲಿನ ವಿಷಯದಲ್ಲಿ ನಿಮ್ಮ ಬಗ್ಗೆ ಬರೆದದ್ದನ್ನು ಮರೆತುಬಿಡಿ. ಈಗ ಉಳಿದಿರುವುದು ಇವರ ಮೇಲೆ. ಇಪ್ಪತ್ತೆಂಟು ವರ್ಷ ನಾನು ಬಡಿಸಿದ್ದನ್ನು ಉಂಡವರು, ತಮ್ಮ ಒಂದು ತಪ್ಪನ್ನು ಬಾಯಿಬಿಟ್ಟು ನನಗೆ ಹೇಳಲಾರದೆ ಹೋದರಲ್ಲ! ಕಳ್ಳನ ಹೆಂಡತಿಯಾಗಿ ನಾನು ತಲೆ ಎತ್ತಿ ನಡೆಯಬಹುದು, ಪೈಪ್ ತಪ್ಪು ಹಾಕಿದವನ ಹೆಂಡತಿಯಾಗಿ ನಡೆಯಲಾರೆ ಎಂದುಕೊಂಡರೇ? ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ ದಿನ ಸುಮ್ಮನೆ ತಿಂದರು. ಅಷ್ಟನ್ನು ನಾನು ಇವರಿಗೆ ಮಾಡಲಾರೆನೇ? ಹೇಳಿದ್ದರೆ ನಾನೂ ನಗುತ್ತಿದ್ದೆ. ಬೈದು, ನಕ್ಕು, ಚಹಾ ಮಾಡಿ ಕೊಟ್ಟು, ಮಲಗಿ ಎಂದು ಹೇಳುತ್ತಿದ್ದೆ.

ಇವರ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಮ್ಮಾ ಎಂದು ತೃಪ್ತಿ ಕೇಳುತ್ತಿದ್ದಾಳೆ. ಬಾಂಗ್ಲಾದ ಹುಡುಗರಿಗೆ ಸರಿಯಾಗುವ ಅಳತೆ, ಅಂಗಿಗಳೂ ಚೆನ್ನಾಗಿವೆ. ಇನ್ನೂ ಕೊಟ್ಟಿಲ್ಲ. ಕಪಾಟಿನ ಬಾಗಿಲು ತೆರೆದಾಗಲೆಲ್ಲ ಆ ಅಂಗಿಗಳೊಂದಿಗೆ ಜಗಳವಾಡುತ್ತಿದ್ದೇನೆ, ಮುಗಿದಿಲ್ಲ.

ಇತಿ,
ಕುಸುಮಾವತಿ